ಎಡೆ ಎತ್ತುವವರು

“ಗಂಡ ಸತ್ತ ಅಂತ ಬುದ್ಧನ ಮುಂದ್ಲ ಅನ್ನ ಹಳಸ್ಬೇಕೇನೇ ಮುಂಡೆ? ನೆನ್ನೆ ಎಡೆ ಇನ್ನೂ ಹಂಗೇ ಕುಂತದೆ, ನೊಣ ಮುತ್ಕಂಡವೆ. ಎದ್ದು ಬಾ ಅಂದ್ರೆ ಬಾ.”

ಊ ಕ್ಯಾ ಝಾನ್ ಚರಂಡಿಯ ಆಚೆ ದಡದಲ್ಲಿ ನಿಂತು ಕೂಗುತ್ತಿದ್ದ. ಅಕ್ಕಿ ಗಿರಣಿಯ ಯಜಮಾನ, ಪಗೋಡಾದ ಧರ್ಮದರ್ಶಿ, ಹೆಗಲ ಮೇಲೆ ಮಡಿಕೆ ಮುರಿಯದ ಬಿಳಿ ವಸ್ತ್ರ. ಚರಂಡಿ ದಾಟಿದರೆ ಪಗೋಡಾ ಜೀತದವರ ಕೇರಿ. ಹುಟ್ಟಿದಾಗಿನಿಂದ ಅವನು ಅದನ್ನು ದಾಟಿದವನಲ್ಲ. ಅವನ ಬೈಗುಳ ಮಾತ್ರ ದಿನಾ ದಾಟುತ್ತಿತ್ತು.

ಗುಡಿಸಲೊಳಗೆ ಮಿ ಪಾನ್ ಗಂಡನ ಹೆಣದ ಪಕ್ಕ ಕೂತು ಅವನ ಉಗುರಿನ ಸಂದಿಯ ಸುಣ್ಣ ಕೆರೆಯುತ್ತಿದ್ದಳು. ಹಿಂದಿನ ದಿನ ಅವಳ ಗಂಡ ಲೂನ್ ಬಿದಿರಿನ ಅಟ್ಟಣೆಯ ಮೇಲೆ ನಿಂತು ಹುಣ್ಣಿಮೆ ಹಬ್ಬಕ್ಕೆಂದು ಪಗೋಡಾಕ್ಕೆ ಸುಣ್ಣ ಬಳಿಯುತ್ತಿದ್ದ. ಕಟ್ಟು ಬಿಚ್ಚಿತು. ಕಲ್ಲು ಹಾಸಿನ ಮೇಲೆ ಬಿದ್ದವನ ಮೇಲೆ ಸುಣ್ಣದ ಬಾನಿಯೂ ಬಿತ್ತು. ಕೆಳಗೇ ನಿಂತಿದ್ದ ಊ ಕ್ಯಾ ಝಾನ್ ಬಾಯಿಂದ ಬಂದ ಮೊದಲ ಮಾತು, “ರಕ್ತ ಒಣಗೋಕ್ ಮುಂಚೆ ತೊಳೀರ್ಲಾ.” ಲೂನನ ಅಣ್ಣ ಸಾನ್ ಡುನ್ ತಮ್ಮನ ರಕ್ತವನ್ನು ಮೊದಲು ತೊಳೆದ, ತಮ್ಮನನ್ನು ಆಮೇಲೆ ಎತ್ತಿದ.

ಈಗಲೂ ಸಾನ್ ಡುನ್ ಬಾಗಿಲಲ್ಲಿ ನಿಂತು ನೆಲ ನೋಡುತ್ತಾ ಹೇಳಿದ, “ಹೋಗ್ಬಂದ್ಬುಡು ಪಾನ್. ಹೆಣ ಎಲ್ಲೂ ಓಡೋಗಾಕಿಲ್ಲ.”

ಅವಳು ಬುಟ್ಟಿ ತೆಗೆದುಕೊಂಡು ಎದ್ದಳು.

ಎಡೆ ಎತ್ತುವುದು ಅವಳ ಕೆಲಸ, ಅವಳ ಅತ್ತೆಯ ಕೆಲಸ, ಅತ್ತೆಯ ಅತ್ತೆಯ ಕೆಲಸ. ಬೆಳಗ್ಗೆ ಊರವರು ಹಿತ್ತಾಳೆಯ ಬಟ್ಟಲುಗಳಲ್ಲಿ ಅನ್ನ, ಪಲ್ಯ, ಬಾಳೆಹಣ್ಣು ತಂದು ಬುದ್ಧನ ಮುಂದೆ ಇಡುತ್ತಾರೆ. ಮಧ್ಯಾಹ್ನದೊಳಗೆ ಅದನ್ನೆಲ್ಲ ಎತ್ತಬೇಕು. ಎತ್ತಿದ್ದೇ ಕೇರಿಯ ಒಂಬತ್ತು ಮನೆಗಳ ಊಟ. ಒಮ್ಮೆ ಬುದ್ಧನಿಗೆ ಇಟ್ಟದ್ದನ್ನು ಬೇರೆ ಯಾರು ಮುಟ್ಟಿದರೂ ಆ ಕ್ಷಣದಿಂದ ಅವರೂ ಜೀತದವರು, ಅವರ ಹೊಟ್ಟೆಯಲ್ಲಿ ಹುಟ್ಟುವವರೂ ಜೀತದವರು. ನಾಯಿ ಬಂದು ಎಡೆಗೆ ಬಾಯಿ ಹಾಕಿದರೆ ಊರವರು ದೂರದಿಂದ ಕಲ್ಲು ಹೊಡೆಯುತ್ತಾರೆಯೇ ಹೊರತು ಹತ್ತಿರ ಹೋಗಿ ಎಳೆಯುವುದಿಲ್ಲ.

ಇದೆಲ್ಲ ಪಗೋಡಾದ ಮೆಟ್ಟಿಲ ತುದಿಯ ಕಲ್ಲಿನಲ್ಲಿ ಬರೆದಿದೆ. ಆರುನೂರು ವರ್ಷದ ಹಿಂದೆ ಬರ್ಮಾದ ಒಬ್ಬ ರಾಜ ಐವತ್ತೆರಡು ಮನೆತನಗಳನ್ನು ಚಿನ್ನದ ಗಿಂಡಿಯಿಂದ ನೀರು ಬಿಟ್ಟು ಬುದ್ಧನಿಗೆ ಧಾರೆ ಎರೆದ. ಬುದ್ಧನ ಧರ್ಮ ಐದು ಸಾವಿರ ವರ್ಷ ಉಳಿಯುತ್ತದಂತೆ, ಅಲ್ಲಿಯವರೆಗೆ ಇವರು ಗುಡಿಸಬೇಕು. ಇವರನ್ನು ಬಿಡಿಸಿದವನು ಅವೀಚಿ ನರಕದಲ್ಲಿ ಬೇಯಲಿ ಎಂದು ಕೊನೆಯ ಸಾಲು. ಇಂಗ್ಲಿಷರು ಬಂದು ಮಾಂಡಲೆಯ ರಾಜನನ್ನೇ ಹಿಡಿದು ಹಡಗು ಹತ್ತಿಸಿ ನಲವತ್ತು ವರ್ಷವಾಯಿತು. ರಾಜ ಹೋದ, ಅರಮನೆಯಲ್ಲಿ ಸಿಪಾಯಿಗಳು ಬಂದು ಕೂತರು, ಕಲ್ಲು ಮಾತ್ರ ಇದ್ದಲ್ಲೇ ಇತ್ತು. ಊರಿನ ಗಂಡಸರ ಹೆಸರಿನ ಮುಂದೆ ‘ಊ’ ಸೇರಿಸಿ ಕರೆಯುತ್ತಾರೆ, ಈ ಕೇರಿಯವರಿಗೆ ‘ಙಾ’. ಜೈಲಿನಲ್ಲಿರುವ ಕಳ್ಳರಿಗೂ ಅದೇ.

ಆ ದಿನ ಮಿ ಪಾನ್ ಮೂವತ್ತೆಂಟು ಬಟ್ಟಲು ಬರಿದು ಮಾಡಿ, ತೊಳೆದು, ಬೋರಲು ಹಾಕಿ ಕೆಳಗೆ ಬಂದು ಗಂಡನನ್ನು ಮಣ್ಣು ಮಾಡಿದಳು. ಊರಿನ ಸ್ಮಶಾನದಲ್ಲಲ್ಲ, ಅದರ ಆಚೆ, ಕುಷ್ಠರೋಗಿಗಳನ್ನೂ ಹೆಣ ಸುಡುವವರನ್ನೂ ಹೂಳುವ ಕಡೆ. ಭಿಕ್ಷು ಯಾರೂ ಬರಲಿಲ್ಲ. ಬರುವ ವಾಡಿಕೆಯೂ ಇರಲಿಲ್ಲ.

ಮಾರನೆಯ ನಸುಕಿನಲ್ಲಿ ಅವಳಿಗೆ ಪೊರಕೆಯ ಸದ್ದು ಕೇಳಿಸಿತು.

ಮೇಲೆ ಪಗೋಡಾದ ಅಂಗಳದಲ್ಲಿ ಯಾರೋ ಗುಡಿಸುತ್ತಿದ್ದರು. ಸರ್, ಸರ್, ಆಮೇಲೆ ಒಂದು ಸಣ್ಣ ಎಳೆತ. ಮತ್ತೆ ಸರ್, ಸರ್, ಎಳೆತ. ಲೂನನ ಬಲಗಾಲು ಸೋತಿತ್ತು. ಎರಡು ಸಲ ಗುಡಿಸಿ ಆ ಕಾಲನ್ನು ಎಳೆದುಕೊಳ್ಳುತ್ತಿದ್ದ. ಇಪ್ಪತ್ತಾರು ವರ್ಷ ಆ ಸದ್ದಿಗೇ ಎದ್ದವಳು ಅವಳು. ಮೂಲೆಗೆ ನೋಡಿದಳು. ಅವನ ಪೊರಕೆ ಅಲ್ಲೇ ಒರಗಿತ್ತು.

ಬೆಳಕು ಹರಿದ ಮೇಲೆ ಹತ್ತಿ ನೋಡಿದಳು. ಅರಳಿಮರದ ಕೆಳಗಿನ ಮರಳು ಹಸನಾಗಿತ್ತು, ಒಂದು ಎಲೆ ಇಲ್ಲ. ಮರಳಿನ ಮೇಲೆ ಅರ್ಧಚಂದ್ರದ ಗೀರುಗಳು, ಎಲ್ಲವೂ ಎಡಕ್ಕೆ ತಿರುಗಿದವು. ಕೇರಿಯಲ್ಲಿ ಎಡಗೈಯಲ್ಲಿ ಗುಡಿಸುತ್ತಿದ್ದವನು ಲೂನ್ ಒಬ್ಬನೇ. ಹೆಜ್ಜೆ ಗುರುತು ಎಲ್ಲೂ ಇರಲಿಲ್ಲ. ಮಿ ಪಾನಳಿಗೆ ಹೆದರಿಕೆಯಾಗಲಿಲ್ಲ. ದುಃಖವಾಯಿತು. ಸತ್ತ ಮೇಲೂ ಬಿಡಲಿಲ್ಲವಲ್ಲ ಇವನನ್ನು ಎಂದು ಅನ್ನಿಸಿತು.

ಸತ್ತವನ ಜೀವ ಚಿಟ್ಟೆಯಾಗಿ ಏಳು ದಿನ ಇದ್ದಲ್ಲೇ ಸುತ್ತುತ್ತದೆ. ಏಳನೆಯ ದಿನ ಭಿಕ್ಷುಗಳು ಬಂದು ಊಟ ಮಾಡಬೇಕು, ಮನೆಯವರು ನೀರು ಬಿಟ್ಟು ಆ ದಾನದ ಪುಣ್ಯವನ್ನು ಸತ್ತವನಿಗೆ ಕೊಡಬೇಕು, ಕೇಳಿದವರು ‘ಸಾಧು’ ಅನ್ನಬೇಕು. ಆಗ ಅದು ದಾರಿ ಹಿಡಿಯುತ್ತದೆ. ಇಲ್ಲದಿದ್ದರೆ ಬದುಕಿದ್ದಾಗ ಮಾಡುತ್ತಿದ್ದುದನ್ನೇ ಮಾಡುತ್ತಾ ಉಳಿದುಬಿಡುತ್ತದೆ. ಕೇರಿಯ ಸತ್ತವರೆಲ್ಲ ಹಾಗೆಯೇ ಉಳಿದಿರಬಹುದು ಎಂದು ಅವಳಿಗೆ ಮೊದಲ ಸಲ ಹೊಳೆಯಿತು. ಆರುನೂರು ವರ್ಷದ ಹೆಣಗಳು ಆ ಅಂಗಳದಲ್ಲಿ ಒಂದರ ಹಿಂದೆ ಒಂದು ಬಗ್ಗಿ ಗುಡಿಸುತ್ತಿವೆ. ಅಷ್ಟನ್ನು ಬಿಡಿಸುವುದು ಅವಳ ಕೈಲಾಗದು, ಒಬ್ಬನನ್ನಾದರೂ ಬಿಡಿಸಬೇಕು. ಏಳನೆಯ ದಿನಕ್ಕೆ ಇನ್ನು ನಾಲ್ಕೇ ದಿನ ಉಳಿದಿತ್ತು, ಅವತ್ತೇ ಹುಣ್ಣಿಮೆ.

ವಿಹಾರದ ಮೆಟ್ಟಿಲ ಕೆಳಗೆ ಮಣ್ಣಿನಲ್ಲಿ ಮಂಡಿಯೂರಿದಳು. ಮೇಲೆ ಚಾಪೆಯ ಮೇಲೆ ದೊಡ್ಡ ಭಿಕ್ಷು ಊ ಸೋಭಿತ, ಎಪ್ಪತ್ತು ದಾಟಿದವರು, ಎಲೆ ಅಡಿಕೆ ಜಗಿಯುತ್ತಿದ್ದರು. ಹಬ್ಬದ ಏರ್ಪಾಟಿನ ಮಾತಿಗೆ ಬಂದ ಊ ಕ್ಯಾ ಝಾನ್ ಪಕ್ಕದಲ್ಲೇ ಇದ್ದ.

“ಏಳನೇ ದಿನದೂಟಕ್ಕೆ ಒಬ್ಬರಾದ್ರೂ ಬರ್ಬೇಕು ಭಂತೆ. ಒಬ್ಬರು ಸಾಕು. ಅವ್ನು ಹೋಗಿಲ್ಲ. ಬೆಳಗಾಗೆದ್ದು ಅಂಗಳ ಗುಡಿಸ್ತಾವ್ನೆ.”

ಭಿಕ್ಷು ಮೆತ್ತಗೆ ಹೇಳಿದರು, “ಅಭಿಧಮ್ಮ ಶಾಸ್ತ್ರದಲ್ಲಿ ಹಾಗೆ ಹೇಳಿಲ್ಲ ತಾಯಿ. ಸಾಯೋ ಗಳಿಗೆಯ ಚಿತ್ತ ಆರಿದ ಕೂಡ್ಲೇ ಮುಂದಿನ ಹುಟ್ಟಿನ ಚಿತ್ತ ಹತ್ಕೊಳ್ಳುತ್ತೆ. ನಡುವೆ ಎಳ್ಳಷ್ಟೂ ಜಾಗ ಇಲ್ಲ. ಉತ್ತರದ ಹಿಮದ ದೇಶದ ಭಿಕ್ಷುಗಳು ನಲವತ್ತೊಂಬತ್ತು ದಿನ ಅಲೀತಾನೆ ಅಂತಾರೆ. ಅದು ಅವರ ಪಂಥ, ನಮ್ಮ ಹಿರಿಯ ಥೇರರು ಒಪ್ಪಿಲ್ಲ. ಲೂನ್ ಈಗಾಗ್ಲೇ ಎಲ್ಲೋ ಹುಟ್ಟಿ ಆಗಿದೆ.”

“ಹುಟ್ಟಿದ್ರೆ ಕಸ ಯಾರು ಗುಡಿಸ್ತವ್ರೆ?”

“ಗಾಳಿ ಕಣೇ,” ಎಂದ ಊ ಕ್ಯಾ ಝಾನ್.

“ಗಾಳಿ ಎಡಗೈಲಿ ಗುಡ್ಸಾಕಿಲ್ಲ ದೊಡ್ಡೋರೆ.” ಅವಳು ತಲೆ ಎತ್ತಲಿಲ್ಲ. “ಹೋದ್ವರ್ಸ ನಿಮ್ಮವ್ವಾರು ಸತ್ತಾಗ ಏಳನೇ ದಿನಕ್ಕೆ ಇಪ್ಪತ್ತೊಂದು ಜನ ಸ್ವಾಮ್ಗಳು ಉಂಡ್ರು. ಎಂಜಲೆಲೆ ನಾನೇ ಎತ್ತಿದ್ದು. ಅವತ್ತು ನಡುವೆ ಜಾಗ ಇತ್ತಾ ಭಂತೆ?”

ಭಿಕ್ಷು ಪೀಕದಾನಿ ಎಳೆದುಕೊಂಡು ನಿಧಾನವಾಗಿ ಉಗಿದರು. ಉಗಿದು ಮುಗಿದ ಮೇಲೂ ಬಾಗಿಯೇ ಇದ್ದರು.

“ಬಾಯಿ ನೋಡಿ ಬೋಸುಡಿದು,” ಎಂದ ಊ ಕ್ಯಾ ಝಾನ್. “ಸ್ವಾಮ್ಗಳಿಗೆ ಏನ್ ಬಡಿಸ್ತೀಯೆ ನೀನು? ನೀ ತಿನ್ನೋದು ಬುದ್ಧನ ಎಡೆ. ಬುದ್ಧನ ಗಂಟು ಕದ್ದು ಸಂಘಕ್ಕೆ ದಾನ ಕೊಡ್ತೀಯಾ?”

“ಹೊಳೆದಂಡೇಲಿ ಗೆಣಸು ಅಗೆದು ಬೇಯಿಸ್ತೀನಿ.”

“ಹೊಳೆದಂಡೆ ಪಗೋಡಾಕ್ಕೆ ಬಿಟ್ಟ ಭೂಮಿ.”

“ಅಗಿಯೋಳು ನಾನಲ್ವಾ?”

“ನೀನ್ಯಾರ್ದು? ಆ ಕೈ ಯಾರ್ದು? ಕಲ್ಲಲ್ಲಿ ಬರೆದದೆ. ಸ್ವಂತದ್ದು ಅಂತ ಒಂದು ಇದ್ರೆ ತಾನೇ ದಾನ. ಅಲ್ವಾ ಭಂತೆ?”

ಭಿಕ್ಷು ಇನ್ನೊಂದು ಎಲೆಗೆ ಸುಣ್ಣ ಸವರಿ ಬಾಯಿಗಿಟ್ಟುಕೊಂಡರು. ವಿಹಾರದ ಅಕ್ಕಿಯೆಲ್ಲ ಬರುತ್ತಿದ್ದುದು ಊ ಕ್ಯಾ ಝಾನನ ಗಿರಣಿಯಿಂದ.

“ನೀವು ದೇಶನೆ ಹೇಳೋ ದಿನ ಕಂಬದ ಹಿಂದೆ ನಿಂತು ನಾನೂ ಕೇಳಿವ್ನಿ ಭಂತೆ,” ಎಂದಳು ಮಿ ಪಾನ್. “ನಾನು ಅನ್ನೋದಿಲ್ಲ, ನಂದು ಅನ್ನೋದಿಲ್ಲ, ಎಲ್ಲಾ ಬಂದು ಹೋಗೋದು ಅಂದ್ರಿ. ನಾನೇ ಇಲ್ದಿದ್ ಮ್ಯಾಲೆ ಈ ಜೀತ ಯಾರ್ದು?”

ಮುದುಕರ ದವಡೆ ಜಗಿಯುವುದನ್ನು ನಿಲ್ಲಿಸಿತು. “ಕರ್ಮದ್ದು ತಾಯಿ,” ಎಂದರು. ಅಷ್ಟು ಹೇಳಿ ಕಣ್ಣು ಮುಚ್ಚಿಕೊಂಡರು.

ಊ ಕ್ಯಾ ಝಾನ್ ನಕ್ಕ. “ಗುಡಿಸ್ಲಿ ಬಿಡೆ. ಸತ್ತೋನ್ಗಿರೋ ನಿಯತ್ತು ನಿಮಗಿಲ್ಲ. ಬುದ್ಧಶಾಸನ ಇನ್ನೂ ಎರಡೂವರೆ ಸಾವಿರ ವರ್ಷ ಅದೆ. ಅನ್ನ ಕೇಳ್ದೇ ಇರೋ ಆಳು ಸಿಕ್ಕವ್ನೆ, ನಾನ್ಯಾಕೆ ಕಳ್ಕಳ್ಳಿ?”

ಎಲ್ಲಿಯೂ ಕಣ್ಣೀರು ಹಾಕದೆ ಅವಳು ಕೇರಿಗೆ ಬಂದಳು. ಸಂಜೆ ಒಂಬತ್ತು ಮನೆಯವರೂ ಸಾನ್ ಡುನ್‌ನ ಅಂಗಳದಲ್ಲಿ ಎಡೆಯ ಅನ್ನ ಹಂಚಿಕೊಳ್ಳುತ್ತಿದ್ದರು. ಮಿ ಪಾನ್ ತನ್ನ ಪಾಲು ತೆಗೆದುಕೊಳ್ಳಲಿಲ್ಲ.

“ಸ್ವಾಮ್ಗಳಿಗೆ ಯಾವನ ಮ್ಯಾಲಾದ್ರೂ ಸಿಟ್ಟು ಬಂದ್ರೆ ಏನ್ ಮಾಡ್ತರೆ ಭಾವ?”

“ಭಿಕ್ಷೆ ಪಾತ್ರೆ ಬೋರಲು ಹಾಕ್ತರೆ,” ಎಂದ ಸಾನ್ ಡುನ್. “ಆ ಮನೆ ಅನ್ನ ಮುಟ್ಟಾಕಿಲ್ಲ. ಅವ್ನಿಗೆ ಪುಣ್ಯದ ಬಾಗ್ಲೇ ಮುಚ್ಚೋಯ್ತು. ಅವ್ನೇ ಬಂದು ಕಾಲಿಗೆ ಬೀಳಬೇಕು. ಬುದ್ಧನ ಕಾಲದಿಂದ್ಲೂ ನಡೆದದೆ. ಯಾಕೆ?”

“ನಾವೂ ಹಾಕನ. ನಾಳೆಯಿಂದ ಎಡೆ ಎತ್ತಾದು ಬ್ಯಾಡ. ಏಳನೇ ದಿನಕ್ಕೆ ಒಬ್ಬ ಭಿಕ್ಷು ಚರಂಡಿ ದಾಟಿ ಬರೋಗಂಟ.”

ಸಾನ್ ಡುನ್ ಬಾಯಲ್ಲಿದ್ದ ತುತ್ತು ನುಂಗಿ ಹೇಳಿದ, “ತಲೆಗಿಲೆ ಕೆಟ್ಟದಾ? ಎತ್ತದಿದ್ರೆ ತಿನ್ನೋದೇನು, ನಿನ್ ಗಂಡನ್ ಪೊರಕೆಯಾ? ಆ ಸೂಳೆಮಗ ಕೇರಿಗೆ ಬೆಂಕಿ ಹಾಕ್ಸಿಬುಡ್ತನೆ.”

“ಹಾಕ್ಸಿದ ಮ್ಯಾಲೆ ಎಡೆ ಎತ್ತೋರ್ಯಾರು ಭಾವ? ಅವ್ನ ಹೆಂಡ್ತಿಯಾ?”

ಹಿಂದೆ ಕೂತಿದ್ದ ಹೆಂಗಸೊಬ್ಬಳು ಕಿಸಕ್ಕನೆ ನಕ್ಕಳು. ಇನ್ನೊಬ್ಬಳೂ ನಕ್ಕಳು. ಹೆದರಿದ ಜನರ ನಗು, ಆದರೂ ನಗುವೇ. ಸಾನ್ ಡುನ್ ತಾನು ತಮ್ಮನ ರಕ್ತ ತೊಳೆದ ಕೈಗಳನ್ನು ಒಮ್ಮೆ ನೋಡಿಕೊಂಡು, “ಹಬ್ಬದಗಂಟ ಮಾತ್ರ,” ಎಂದ.

ಮೊದಲ ದಿನ ಊರವರಿಗೆ ಗೊತ್ತೇ ಆಗಲಿಲ್ಲ. ಎರಡನೆಯ ದಿನ ಬೆಳಗ್ಗೆ ಎಡೆ ತಂದ ಹೆಂಗಸರು ಇಡಲು ಜಾಗ ಹುಡುಕಿ ಹಳೆಯ ಬಟ್ಟಲುಗಳ ಸಂದಿಯಲ್ಲಿ ತಮ್ಮವನ್ನು ತೂರಿಸಿದರು. ಹಬ್ಬದ ವಾರ, ಇಡುವುದನ್ನು ನಿಲ್ಲಿಸುವಂತಿಲ್ಲ. ಅನ್ನ ಹುಳಿಯಾಗಿ ನೊರೆ ಕಟ್ಟಿತು. ಬಾಳೆಹಣ್ಣು ಕಪ್ಪಾಗಿ ಸೋರಿತು. ಕಾಗೆಗಳು ಬುದ್ಧನ ತೊಡೆಯ ಮೇಲೆ ಕೂತು ತಿಂದವು. ಗಂಧದ ಕಡ್ಡಿ ಎಷ್ಟು ಹಚ್ಚಿದರೂ ವಾಸನೆ ಮೆಟ್ಟಿಲಿಳಿದು ಅಂಗಡಿ ಬೀದಿಯವರೆಗೂ ಬಂತು. ಊ ಕ್ಯಾ ಝಾನ್ ದೋಣಿ ಕಟ್ಟೆಯಿಂದ ಪರದೇಶಿ ಕೂಲಿಗಳನ್ನು ಕರೆಸಿದ. ಅವರು ಬಂದರು, ಇಡೀ ಊರು ಮಾರು ದೂರ ನಿಂತು ತಮ್ಮ ಕೈಗಳನ್ನೇ ನೋಡುತ್ತಿರುವುದನ್ನು ಕಂಡರು, ಇದರಲ್ಲೇನೋ ಇದೆ ಎಂದುಕೊಂಡು ಹಿಂದಿರುಗಿ ಹೋದರು.

ಕೇರಿಯಲ್ಲಿ ಮಕ್ಕಳಿಗೆ ಹುಣಸೆ ಚಿಗುರು, ಹೊಳೆಯ ಸಣ್ಣ ಮೀನು. ದೊಡ್ಡವರಿಗೆ ಅದರ ನೀರು. ಮಿ ಪಾನ್ ಅದನ್ನೂ ಮುಟ್ಟಲಿಲ್ಲ.

ಎರಡನೆಯ ದಿನವೇ ತಾಲ್ಲೂಕಿನ ಅಧಿಕಾರಿ ಬಂದ. ಬೂಟು ಹಾಕಿದ ಬರ್ಮೀ ಮನುಷ್ಯ. ಚರಂಡಿಯ ಆಚೆಯೇ ನಿಂತು ಓದಿ ಹೇಳಿದವನಂತೆ ಹೇಳಿದ, “ಸರ್ಕಾರದ ಕಾನೂನಿನ ಪ್ರಕಾರ ಈ ದೇಶದಲ್ಲಿ ಜೀತ ಅನ್ನೋದು ಇಲ್ಲ. ಇವರನ್ನ ಯಾರೂ ಬಲವಂತ ಮಾಡೋ ಹಾಗಿಲ್ಲ.”

ಸಾನ್ ಡುನ್ ಕೈಮುಗಿದು ಕೇಳಿದ, “ಹಂಗಂದ್ರೆ ನಾವೂ ಎಲ್ಲರಂಗೇ ಅಲ್ವಾ ಸಾಯೇಬ್ರೆ?”

“ಹೌದು.”

“ಬಿಸ್ಲಲ್ಲಿ ಬಂದಿದೀರಿ. ನಮ್ಮನೇಲಿ ಒಂದ್ಲೋಟ ನೀರು ಕುಡ್ಕಂಡೋಗಿ.”

ಅಧಿಕಾರಿ ಗಡಿಯಾರ ನೋಡಿಕೊಂಡ. ಹೊರಡುವಾಗ ಊ ಕ್ಯಾ ಝಾನನ ಕಡೆ ತಿರುಗಿ, “ಗುಡಿಸಲಿರೋ ಜಾಗ ಪಗೋಡಾದ್ದು ತಾನೆ? ಹಬ್ಬ ಮುಗೀಲಿ, ಖಾಲಿ ಮಾಡಿಸಬಹುದು,” ಎಂದ. ಅದೂ ಕಾನೂನೇ.

ಇಷ್ಟೆಲ್ಲದರ ನಡುವೆ ಪೊರಕೆಯ ಸದ್ದು ಒಂದು ದಿನವೂ ತಪ್ಪಲಿಲ್ಲ. ಈಗ ಇಡೀ ಕೇರಿಗೆ ಕೇಳಿಸುತ್ತಿತ್ತು. ಮಕ್ಕಳು ತಾಯಂದಿರ ಮಡಿಲೊಳಗೆ ಮುಖ ಹುದುಗಿಸುತ್ತಿದ್ದರು. ಬುದ್ಧನ ಮುಂದೆ ಎಡೆ ಕೊಳೆಯುತ್ತಿದ್ದರೆ, ಹತ್ತು ಮಾರು ಆಚೆ ಅರಳಿಮರದ ಕೆಳಗೆ ಮರಳು ಹಸನಾಗಿ ಗೀರು ಬಿದ್ದಿರುತ್ತಿತ್ತು.

ಮೂರನೆಯ ದಿನ ಬೆಳಗ್ಗೆ, ಅಂದರೆ ಲೂನ್ ಸತ್ತ ಆರನೆಯ ದಿನ, ಮಿ ಪಾನ್ ಬಾಗಿಲು ತೆಗೆದಳು. ಹೊಸ್ತಿಲಲ್ಲಿ ಅವಳ ಎಡೆಯ ಬುಟ್ಟಿ ಇತ್ತು. ಒಳಗೆ ಎರಡು ದಿನದ ಅನ್ನ, ಹುಳಿ ವಾಸನೆಯ ಹಳದಿ ಮುದ್ದೆ. ಅದರ ಮೇಲೆ, ಕೊಳೆಯದ ಒಂದು ಬಾಳೆಹಣ್ಣನ್ನು ಆರಿಸಿ ಬೇರೆಯಾಗಿ ಇಟ್ಟಿತ್ತು.

ಮೇಲೆ ಬುದ್ಧನ ಮುಂದೆ ಬಟ್ಟಲುಗಳೆಲ್ಲ ತೊಳೆದು ಬೋರಲಾಗಿದ್ದವು.

ಅವಳಿಗೆ ಅರ್ಥವಾಯಿತು. ಕೆಲಸ ಉಳಿಯಿತೆಂದು ಎತ್ತಿದ್ದಲ್ಲ ಅವನು. ಮನೆಯಲ್ಲಿ ಹೆಂಡತಿ ಉಪವಾಸ ಬಿದ್ದಿದ್ದಾಳೆ ಎಂದು ಎತ್ತಿ ತಂದಿದ್ದ. ಬುಟ್ಟಿಯ ಪಕ್ಕ ಕೂತು ಅವಳು ಗಂಡ ಸತ್ತ ಮೇಲೆ ಮೊದಲ ಸಲ ಅತ್ತಳು. ಬಾಯಿ ತುಂಬ ನೀರು ಬಂದರೂ ಹಣ್ಣು ತಿನ್ನಲಿಲ್ಲ. ಬುಟ್ಟಿಯನ್ನು ಹೊಳೆಗೆ ಸುರಿದು ಬಂದಳು.

ಚರಂಡಿಯ ಆಚೆ ಊ ಕ್ಯಾ ಝಾನ್ ಗೆದ್ದವನಂತೆ ನಿಂತಿದ್ದ. “ನೋಡ್ದ್ರೇನ್ರಲಾ? ಹೂತಾಕಿದ್ರೂ ಎದ್ದು ಬಂದು ಸೇವೆ ಮಾಡ್ತಾವ್ನೆ. ಧಾರೆ ಎರೆದ ನೀರು ಅಂದ್ರೆ ಹಂಗೆ. ಉಸಿರಾಡೋ ನಿಮಗೇನು ಬಂದದೆ ರೋಗ? ಹಬ್ಬದ ಎಡೆ ಇವತ್ತು ರಾತ್ರಿಯಿಂದ್ಲೇ ಬೀಳ್ತದೆ. ನಾಳೆ ಹೊತ್ತುಟ್ಟೋಕ್ ಮುಂಚೆ ಹತ್ತಿ ಬರ್ಬೇಕು.”

ಸಾನ್ ಡುನ್ ಅವನು ಹೋಗುವವರೆಗೆ ನೆಲ ನೋಡುತ್ತಾ ನಿಂತ. ಆಮೇಲೆ ಮಿ ಪಾನಳ ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತ. “ತಮ್ಮನೇ ಹೋಗಿ ಎತ್ತವ್ನೆ ಪಾನ್. ಸತ್ತೋನೇ ಸೋತ ಮ್ಯಾಲೆ ನಾವ್ಯಾವ ದೊಡ್ಡ ಮನುಷ್ಯರು? ಮಕ್ಕಳ ಮಕ ನೋಡಕ್ಕಾಗ್ತಿಲ್ಲ. ನಾಳೆ ಹತ್ತುತೀವಿ. ನೀ ಬರಬ್ಯಾಡ, ನಿನ್ ಬುಟ್ಟಿ ಕೊಡು.”

ಅವಳು ಬುಟ್ಟಿ ಕೊಟ್ಟಳು.

ಏಳನೆಯ ದಿನದ ನಸುಕು. ಹೊಳೆಯ ಮೇಲೆ ಮಂಜು. ಸದ್ದು ಶುರುವಾದ ಕೂಡಲೆ ಮಿ ಪಾನ್ ಮಣ್ಣಿನ ತಂಬಿಗೆಯಲ್ಲಿ ನೀರು ತೆಗೆದುಕೊಂಡು ಮೆಟ್ಟಿಲು ಹತ್ತಿದಳು. ಮೂರು ಕಡೆ ಕೂತು ಸುಧಾರಿಸಿಕೊಳ್ಳಬೇಕಾಯಿತು.

ಬುದ್ಧನ ಮುಂದೆ ರಾತ್ರಿಯ ಎಡೆ ರಾಶಿಯಾಗಿ ಬಿದ್ದಿತ್ತು. ಬಟ್ಟಲು, ತಟ್ಟೆ, ಬಾಳೆಲೆ, ಮೆಟ್ಟಿಲ ಅಂಚಿನವರೆಗೂ. ಅರಳಿಮರದ ಕೆಳಗೆ ಯಾರೂ ಇರಲಿಲ್ಲ. ಮರಳಿನ ಮೇಲೆ ಗೀರು ಮಾತ್ರ ತಾನೇ ತಾನಾಗಿ ಮೂಡುತ್ತಿತ್ತು, ಸರ್, ಸರ್, ಎಳೆತ. ಎಲೆಗಳು ಒತ್ತರಿಸಿಕೊಂಡು ಮೂಲೆಗೆ ಹೋಗುತ್ತಿದ್ದವು.

“ಸಾಕು ಬಾರಯ್ಯ,” ಎಂದಳು.

ಸದ್ದು ನಿಲ್ಲಲಿಲ್ಲ.

“ಕೇಳಿಸ್ತಾ ಇಲ್ವಾ? ಬದುಕಿದ್ದಾಗ್ಲೂ ನೀ ಹಿಂಗೇ. ಜ್ವರದಲ್ಲಿ ಗುಡಿಸ್ದೆ. ಮಗು ಸತ್ತ ದಿನ ಗುಡಿಸ್ದೆ. ನಾ ಬೈದ್ರೆ ‘ಎಲೆ ಬಿದ್ದದಲ್ಲೇ’ ಅಂತಿದ್ದೆ. ಎಲೆ ಬೀಳ್ತಾನೇ ಇರ್ತದೆ ಕಣಯ್ಯ. ಮರ ಇರೋಗಂಟ ಬೀಳ್ತದೆ. ನೀ ಯಾಕೆ ಬಗ್ತೀಯ?”

ಗೀರು ಅವಳ ಕಡೆಗೇ ಬಂತು. ಒಂದು ಮಾರು ದೂರದಲ್ಲಿ ನಿಂತಿತು. ಸುಣ್ಣದ ವಾಸನೆ ಬಂತು, ಅವನ ಬೆವರಿನ ವಾಸನೆ ಬಂತು.

ಮಿ ಪಾನ್ ಮರಳಿನ ಮೇಲೆ ಮಂಡಿ ಊರಿದಳು. “ಸ್ವಾಮ್ಗಳು ಬರಲಿಲ್ಲ. ನಿಂಗೆ ಕೊಡಕ್ಕೆ ಪುಣ್ಯ ಎಲ್ಲಿಂದ ತರಲಿ ಅಂತ ರಾತ್ರಿಯೆಲ್ಲಾ ಯೋಚ್ನೆ ಮಾಡ್ದೆ. ಅನ್ನ ನಂದಲ್ವಂತೆ. ಗೆಣಸು ನಂದಲ್ವಂತೆ. ಕೈ ನಂದಲ್ವಂತೆ. ಆದ್ರೆ ಮೂರು ದಿನದಿಂದ ನಾನು ಬುದ್ಧಂದು ತಿಂದಿಲ್ಲ, ಆ ಗಿರಣಿಯವ್ನ ಅಪ್ಪನ ಮನೇದು ಏನೂ ತಿಂದಿಲ್ಲ. ನೀ ಇಟ್ಟೋದ ಹಣ್ಣೂ ತಿಂದಿಲ್ಲ. ಈ ಹಸಿವು ನಂದು ಕಣಯ್ಯ. ಯಾವ ರಾಜನೂ ಇದನ್ನ ಯಾರಿಗೂ ಬರೆದು ಕೊಟ್ಟಿಲ್ಲ. ಇದನ್ನ ನಿಂಗೆ ಕೊಡ್ತೀನಿ.”

ತಂಬಿಗೆ ವಾಲಿಸಿದಳು. ನೀರು ತೆಳ್ಳಗೆ ಎಳೆಯಾಗಿ ಮರಳಿಗೆ ಇಳಿಯಿತು.

“ಭೂಮ್ತಾಯಿ, ನೀ ಕೇಳಿಸ್ಕೊ. ಇವ್ನು ಯಾರ ಆಳೂ ಅಲ್ಲ. ನನ್ ಗಂಡ. ಹೋಗಲಿ ಇವ್ನು.”

ಕೊನೆಯ ಹನಿ ಬಿದ್ದ ಮೇಲೆ ಯಾರಾದರೂ ‘ಸಾಧು’ ಅನ್ನಬೇಕು. ಕೇಳಿದವರು ಒಪ್ಪದೆ ಪುಣ್ಯ ದಾಟುವುದಿಲ್ಲ. ಮಿ ಪಾನ್ ಖಾಲಿ ತಂಬಿಗೆ ಹಿಡಿದು ಕಾದಳು.

“ಸಾಧು,” ಎಂದಿತು ಹಿಂದಿನಿಂದ ಒಂದು ಧ್ವನಿ.

ಮೆಟ್ಟಿಲ ತುದಿಯಲ್ಲಿ ಸಾನ್ ಡುನ್ ನಿಂತಿದ್ದ, ಎಡೆ ಎತ್ತಲು ಬಂದವನು. ಅವನ ಹಿಂದೆ ಕೇರಿಯ ಹೆಂಗಸರು ಗಂಡಸರು, ಎಲ್ಲರ ಕಂಕುಳಲ್ಲಿ ಬುಟ್ಟಿ. ಅವನು ಬುಟ್ಟಿ ಕೆಳಗಿಟ್ಟ. ಮುಖ ಒರೆಸಿಕೊಂಡು ಮತ್ತೆ ಹೇಳಿದ, “ಸಾಧು. ಹೋಗ್ಬಾರಪ್ಪ ತಮ್ಮ.” ಮೂರನೆಯ ಸಲ ಎಲ್ಲರೂ ಹೇಳಿದರು, ಎಷ್ಟು ಮೆಲ್ಲಗೆ ಎಂದರೆ ಯಾರಿಗೂ ತಮ್ಮ ಧ್ವನಿಯೇ ಕೇಳಿಸಲಿಲ್ಲ.

ಮರದಿಂದ ಒಂದು ಎಲೆ ಹಸನಾದ ಮರಳಿನ ಮೇಲೆ ಬಿತ್ತು. ಎಲ್ಲರೂ ಅದನ್ನೇ ನೋಡಿದರು. ಅದು ಬಿದ್ದಲ್ಲೇ ಇತ್ತು. ಇನ್ನೊಂದು ಬಿತ್ತು. ಅದೂ ಬಿದ್ದಲ್ಲೇ ಇತ್ತು.

ಸಾನ್ ಡುನ್ ಬುಟ್ಟಿಯನ್ನು ಬೋರಲು ಹಾಕಿ ಅದರ ಮೇಲೆ ಕೂತ. ಉಳಿದವರೂ ಕೂತರು.

ಬಿಸಿಲು ಬಂದಾಗ ಡೋಲು ತಾಳದೊಂದಿಗೆ ಹಬ್ಬದ ಮೆರವಣಿಗೆ ಹೊಳೆಯ ಕಡೆಯಿಂದ ಹತ್ತಿ ಬಂತು. ಮುಂದೆ ಊ ಕ್ಯಾ ಝಾನ್, ಪಕ್ಕದಲ್ಲಿ ದೊಡ್ಡ ಭಿಕ್ಷು, ಹಿಂದೆ ತಲೆಯ ಮೇಲೆ ಎಡೆಯ ತಟ್ಟೆ ಹೊತ್ತ ಊರು. ರಾಶಿಯ ಮುಂದೆ ಬಂದು ಎಲ್ಲರೂ ನಿಂತರು. ರಾತ್ರಿಯ ಅನ್ನಕ್ಕೆ ಇರುವೆ ಹತ್ತಿತ್ತು.

“ಎತ್ತೇ,” ಎಂದ ಊ ಕ್ಯಾ ಝಾನ್. ಜನರ ಮುಂದೆ ಧ್ವನಿ ಏರಿಸಲಿಲ್ಲ.

“ನಿಮಗೂ ಕೈ ಅವಲ್ಲ,” ಎಂದಳು ಮಿ ಪಾನ್. “ನೀವೇ ಎತ್ತಿ.”

“ಭಂತೆ, ನೀವಾದ್ರೂ ಹೇಳಿ ಇವರಿಗೆ.”

ಊ ಸೋಭಿತರು ಅವನ ಕಡೆ ನೋಡುತ್ತಿರಲಿಲ್ಲ. ಅರಳಿಮರದ ಕೆಳಗೆ ನೋಡುತ್ತಿದ್ದರು. ಅಲ್ಲಿ ಮರಳು ಒಂದಿಷ್ಟು ಒದ್ದೆಯಾಗಿತ್ತು, ಅದರ ಸುತ್ತ ಇಪ್ಪತ್ತೋ ಮೂವತ್ತೋ ಎಲೆಗಳು ಬಿದ್ದಿದ್ದವು.

“ಇವತ್ತು ಗುಡಿಸಿಲ್ಲ,” ಎಂದರು ಮುದುಕರು.

ಹೆಂಗಸರ ಕುತ್ತಿಗೆ ನೋಯತೊಡಗಿತು. ತಟ್ಟೆ ಇಳಿಸಲು ಜಾಗವಿರಲಿಲ್ಲ, ಜಾಗ ಮಾಡಲು ಯಾರೂ ಕೈ ಚಾಚುವಂತಿರಲಿಲ್ಲ. ಒಬ್ಬೊಬ್ಬರಾಗಿ ಎಲ್ಲರೂ ಧರ್ಮದರ್ಶಿಯ ಕೈಗಳನ್ನು ನೋಡಿದರು. ಊ ಕ್ಯಾ ಝಾನ್ ಆ ಕೈಗಳನ್ನು ಮೆಲ್ಲಗೆ ಬಿಳಿ ವಸ್ತ್ರದೊಳಗೆ ಸೇರಿಸಿಕೊಂಡ. ಸಾಲು ಇನ್ನೂರು ಮೆಟ್ಟಿಲು ಇಳಿದು ಹೊಳೆಯ ದಡದವರೆಗೆ ನಿಂತಿತ್ತು. ಮೇಲೆ ಏನಾಗಿದೆ ಎಂದು ತಿಳಿಯದ ಜನ ಕೆಳಗಿನಿಂದ ತಳ್ಳುತ್ತಾ, “ಯಾಕ್ ನಿಂತ್ರಿ, ಮುಂದಕ್ ನಡೀರಿ,” ಎಂದು ಕೂಗುತ್ತಿದ್ದರು.